ಅಗ್ನಿಶಾಮಕ ದಳದಲ್ಲಿ ದುಡಿದ ಚಿಕ್ಕಪ್ಪನ ನೆನಪಿಗೆ ಏನು ಮಾಡಬಹುದು?

ಅಗ್ನಿಶಾಮಕ ದಳದಲ್ಲಿ ಮೂವತ್ತು ವರ್ಷ ದುಡಿದ ಚಿಕ್ಕಪ್ಪ ತೀರಿಕೊಂಡಿದ್ದಾರೆ, ವರ್ಷದ ಕಾರ್ಯಕ್ಕೆ ಊಟ ಹಾಕಿಸುವುದರ ಜೊತೆಗೆ ಅವರ ಸೇವೆಗೆ ಒಪ್ಪುವಂಥದ್ದು ಏನಾದರೂ ಮಾಡಬೇಕು ಎಂದು ಕೇಳಿದ್ದೀರಿ. ನನ್ನ ಅಪ್ಪನೂ ಅದೇ ಇಲಾಖೆಯಲ್ಲಿ ಪ್ರಮುಖ ಅಗ್ನಿಶಾಮಕರಾಗಿ ನಿವೃತ್ತರಾದವರು. ಅವರು ಹೋಗಿ ಆರು ವರ್ಷವಾಯಿತು.

ಮೊದಲು, ಚಿಕ್ಕಪ್ಪನ ಜೊತೆ ಒಂದೇ ವಾಹನದಲ್ಲಿ ಹೋಗುತ್ತಿದ್ದವರನ್ನು ಹುಡುಕಿ. ಅವರಿಗೂ ವಯಸ್ಸಾಗಿರುತ್ತದೆ, ತಡಮಾಡಬೇಡಿ. ಅಪ್ಪ ಮನೆಯಲ್ಲಿ ಕೆಲಸದ ಮಾತೆತ್ತುತ್ತಿರಲಿಲ್ಲ. ಬಾವಿಗೆ ಬಿದ್ದ ಹಸುವನ್ನು ಎತ್ತಲು ಎದೆಮಟ್ಟದ ನೀರಿಗಿಳಿದು ಅದರ ಹೊಟ್ಟೆಯಡಿ ಹಗ್ಗ ತೂರಿಸುವಾಗ ಕೊಂಬು ಅವರ ಪಕ್ಕೆಗೆ ತಿವಿದಿತ್ತಂತೆ. ಅಮ್ಮನಿಗೆ ಅವರು ಹೇಳಿದ್ದು ಸೈಕಲ್‌ನಿಂದ ಬಿದ್ದೆ ಎಂದು. ನಿಜ ಗೊತ್ತಾದದ್ದು ವೈಕುಂಠ ಸಮಾರಾಧನೆಗೆ ಬಂದಿದ್ದ ಅವರ ವಾಹನದ ಚಾಲಕರಿಂದ. ಆ ದಿನವೇ ಒಂದು ನೋಟ್‌ಬುಕ್ ತಂದು ಬರೆಯಲು ಶುರು ಮಾಡಿದೆ. ಈಗ ಅದು ಎಂಬತ್ತು ಪುಟವಾಗಿದೆ. ನಮ್ಮ ಮನೆಯಲ್ಲಿ ಅಪ್ಪನ ಫೋಟೋಗಿಂತ ಹೆಚ್ಚು ಸಲ ಕೈಗೆತ್ತಿಕೊಳ್ಳುವುದು ಅದನ್ನೇ.

ಏಪ್ರಿಲ್ 14ರ ಬೆಳಿಗ್ಗೆ ಚಿಕ್ಕಪ್ಪ ಕೆಲಸ ಮಾಡಿದ ಠಾಣೆಗೆ ಹೋಗಿ. 1944ರಲ್ಲಿ ಅದೇ ದಿನ ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಹಡಗಿಗೆ ಬೆಂಕಿ ಬಿತ್ತು. ಅದರೊಳಗೆ ಹತ್ತಿಯ ಬೇಲ್‌ಗಳು, ಅಂದರೆ ಒತ್ತಿ ಕಟ್ಟಿದ ದೊಡ್ಡ ಮೂಟೆಗಳು, ಇದ್ದವು, ಜೊತೆಗೆ ಸುಮಾರು 1,400 ಟನ್ ಸ್ಫೋಟಕ. ಸಂಜೆ ನಾಲ್ಕು ಗಂಟೆ ದಾಟುತ್ತಲೇ ಹಡಗು ಸಿಡಿಯಿತು, ಅರ್ಧ ಗಂಟೆಯ ಆಸುಪಾಸಿನಲ್ಲಿ ಮತ್ತೊಮ್ಮೆ. 66 ಅಗ್ನಿಶಾಮಕರು ಸತ್ತರು. ಅವರ ನೆನಪಿಗಾಗಿಯೇ ದೇಶದಾದ್ಯಂತ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಅಪ್ಪ ಬಾಯಿಬಿಟ್ಟು ಹೇಳುತ್ತಿದ್ದ ಒಂದೇ ಕಥೆ ಇದು. ಹತ್ತಿಯ ಬೆಂಕಿ ಅವರಿಗೆ ಚೆನ್ನಾಗಿ ಗೊತ್ತಿತ್ತು: ಬೇಲ್‌ನ ಮೇಲೆ ಎಷ್ಟು ನೀರು ಬಿಟ್ಟರೂ ಒಳಗೆ ಕೆಂಡ ಹೊಗೆಯಾಡುತ್ತಲೇ ಇರುತ್ತದೆ, ಒಂದೊಂದನ್ನೂ ಬಿಚ್ಚಿ ತೋಯಿಸಬೇಕು. "ಹಡಗಿನ ಹೊಟ್ಟೆಯಲ್ಲಿ ಅದನ್ನು ಬಿಚ್ಚಲು ಅವರಿಗೆ ಜಾಗವಾದರೂ ಎಲ್ಲಿತ್ತು?" ಎನ್ನುವಾಗ ಅವರ ದನಿ ಕುಗ್ಗುತ್ತಿತ್ತು. ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದಾಗ ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಎರಡು ದಿನ ಬೇಲ್ ಬಿಚ್ಚಿದ್ದವರು ಅವರು.

ಮೂರನೆಯದು ಖರ್ಚಿನದು. ಅಪ್ಪನ ಹೆಸರಿನಲ್ಲಿ ನಾವು ಊರಿನ ಶಾಲೆಗೆ ಘನ, ದ್ರವ, ಅನಿಲ ಮೂರೂ ಬಗೆಯ ಬೆಂಕಿಗೆ ಬಳಸುವ ಎಬಿಸಿ ಮಾದರಿಯ ಎರಡು ಅಗ್ನಿನಂದಕ ಕೊಟ್ಟೆವು. ಕೊಟ್ಟು ಕೈತೊಳೆದುಕೊಳ್ಳಬೇಡಿ. ಅದರ ಒತ್ತಡಮಾಪಕದ ಮುಳ್ಳು ಹಸಿರು ಗುರುತಿನಲ್ಲಿದೆಯೇ ಎಂದು ಆಗಾಗ ನೋಡಬೇಕು, ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು. ಬಿಸಿಯೂಟದ ಅಡುಗೆಯವರ ಕೈಯಲ್ಲಿ ಒಮ್ಮೆ ಪಿನ್ ಎಳೆಸಿ, ಜ್ವಾಲೆಯ ತುದಿಗಲ್ಲ, ಬುಡಕ್ಕೆ ಬಿಡಬೇಕೆಂದು ಹೇಳಿಕೊಡಬೇಕು. ಠಾಣಾಧಿಕಾರಿಗೆ ಒಂದು ಪತ್ರ ಬರೆದು ಕೇಳಿಕೊಂಡರೆ ಸಿಬ್ಬಂದಿಯೇ ಬಂದು ಪ್ರಾತ್ಯಕ್ಷಿಕೆ ಮಾಡುತ್ತಾರೆ.

ಪ್ರಾತ್ಯಕ್ಷಿಕೆಗೆ ಬಂದ ದಿನ ಆ ಸಿಬ್ಬಂದಿಯನ್ನು ಊಟಕ್ಕೆ ಕೂರಿಸಿ. ಆದರೆ ಕರೆ ಬಂದರೆ ಎದ್ದು ಹೋಗುತ್ತಾರೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮಲ್ಲಿ ಪಾಯಸ ಬಡಿಸುತ್ತಿದ್ದಾಗ ಕರೆ ಬಂತು. ಐವರೂ ಎಲೆ ಬಿಟ್ಟು ಓಡಿದರು. ಅಮ್ಮ ಒಂದು ಮಾತೂ ಆಡದೆ ಒಳಗೆ ಹೋಗಿ ಅಪ್ಪನ ಹಳೆಯ ಟಿಫಿನ್ ಕ್ಯಾರಿಯರ್ ತೆಗೆದು, ಐದು ಜನಕ್ಕಾಗುವಷ್ಟು ತುಂಬಿ, ಠಾಣೆಗೆ ಕೊಟ್ಟು ಬಾ ಎಂದು ನನ್ನ ಕೈಗಿತ್ತರು.