ಬೈಸಿಕೊಂಡ ಬ್ಯಾಂಡ್ ಬೆಳೆದದ್ದು ಹೇಗೆ?

ಪ್ರಶ್ನೆ: ಸರ್, ನನ್ನ ಮಗ ದಿನಾ ಲೆಡ್ ಜೆಪ್ಪೆಲಿನ್ ಅನ್ನೋ ಇಂಗ್ಲೆಂಡಿನ ರಾಕ್ ಬ್ಯಾಂಡಿನ ಹಾಡು ಹಚ್ಚಿಕೊಂಡು ಕೂರ್ತಾನೆ. ಶುರುವಿನಲ್ಲಿ ಪತ್ರಿಕೆಗಳು ಇವರನ್ನ ಚೆನ್ನಾಗಿ ಬೈದಿದ್ದವಂತೆ. ಆ ವಿಮರ್ಶಕರಿಗೆ ಕಿವಿ ಇರಲಿಲ್ವಾ? ಬ್ಯಾಂಡ್ ಈಗಲೂ ಇದೆಯಾ?
– ಓದುಗರೊಬ್ಬರು, ಶಹಾಬಾದ್

ಉತ್ತರ: ಬೈದದ್ದು ಖರೇ. 1969ರಲ್ಲಿ ಮೊದಲ ಆಲ್ಬಮ್ ಬಂದಾಗ ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆ, ಗಿಟಾರ್ ವಾದಕ ಜಿಮ್ಮಿ ಪೇಜ್ ಬರೆದ ಹಾಡುಗಳು ಸಪ್ಪೆ ಎಂದಿತು. ಆಲ್ಬಮ್ ಬರುವ ಮೊದಲೇ ಅಟ್ಲಾಂಟಿಕ್ ಎಂಬ ರೆಕಾರ್ಡ್ ಕಂಪನಿ ಭಾರೀ ಮುಂಗಡ ಕೊಟ್ಟಿತ್ತು. ಹಾಡಿಗಿಂತ ಮೊದಲು ದುಡ್ಡಿನ ಸುದ್ದಿ ಬಂದರೆ ಬರೆಯೋರು ಹುಬ್ಬೇರಿಸದೆ ಇರ್ತಾರಾ?

ಹಾಗಂತ ಅವರಿಗೆ ಕಿವಿ ಇರಲಿಲ್ಲ ಅಂದರೆ ನಾನು ಒಪ್ಪಲ್ಲ. ಈ ಬ್ಯಾಂಡ್ ಅಮೆರಿಕದ ಕಪ್ಪು ಜನರ ಹಳೇ ಬ್ಲೂಸ್ ಹಾಡುಗಳಿಂದ ಸುಮ್ನೆ ಎತ್ತಿಕೊಂಡದ್ದು ಜಾಸ್ತಿ. 'ಹೋಲ್ ಲಾಟಾ ಲವ್' ಹಾಡಿನಲ್ಲಿ ತನ್ನ ಸಾಲುಗಳಿವೆ ಎಂದು ಬ್ಲೂಸ್ ಹಾಡುಗಾರ ವಿಲ್ಲಿ ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋದ. ಕೊನೆಗೆ ರಾಜಿಯಾಯ್ತು, ಈಗ ಅವನ ಹೆಸರೂ ಹಾಕ್ತಾರೆ.

ಪತ್ರಿಕೆಗಳ ಮೇಲಿನ ಸಿಟ್ಟಿಗೆ 1971ರ ನಾಲ್ಕನೇ ಆಲ್ಬಮ್‌ನ ಹೊದಿಕೆ ಮೇಲೆ ಹೆಸರನ್ನೇ ಹಾಕಲಿಲ್ಲ. ಬೆನ್ನ ಮೇಲೆ ಕಟ್ಟಿಗೆ ಹೊರೆ ಹೊತ್ತ ಮುದುಕನ ಚಿತ್ರ, ಅಷ್ಟೇ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ನಾನು ಆ ಕ್ಯಾಸೆಟ್ ಕೊಂಡಾಗ ಅಂಗಡಿಯವರು ಅದನ್ನ 'ಕಟ್ಟಿಗಿ ಮುತ್ಯಾ' ಅಂತಲೇ ಕರೀತಿದ್ರು! ಅದರ ಕೊನೇ ಹಾಡು 'ವೆನ್ ದ ಲೆವಿ ಬ್ರೇಕ್ಸ್' ಕೇಳಿ. ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೇ ಮನೆಯಲ್ಲಿ, ಮೆಟ್ಟಿಲ ಬುಡದಲ್ಲಿ ಜಾನ್ ಬಾನಮ್‌ನ ಡ್ರಮ್ ಇಟ್ಟು, ಮೇಲಿನಿಂದ ಎರಡು ಮೈಕ್ ಇಳಿಬಿಟ್ಟಿದ್ದರು. ಊರ ಅಗಸಿಯೊಳಗೆ ನಿಂತು ಹಲಗಿ ಬಾರಿಸಿದ ಹಾಗಿದೆ. ಹಾಡು ಹಳೇದೇ, 1929ರದ್ದು. ಆದರೆ ಆ ಸದ್ದು ಯಾರಿಂದಲೂ ಎತ್ತಿದ್ದಲ್ಲ.

ಇವರನ್ನ ಬೆಳೆಸಿದ್ದು ಆಲ್ಬಮ್ ಮತ್ತು ಸ್ಟೇಜು. 'ಸ್ಟೇರ್‌ವೇ ಟು ಹೆವನ್' ಹಾಡನ್ನ ಸಿಂಗಲ್ ಆಗಿ ಬಿಡಲೇ ಇಲ್ಲ; ಬೇಕಿದ್ದರೆ ಇಡೀ ಆಲ್ಬಮ್ ಕೊಳ್ಳಿ ಅನ್ನೋ ಲೆಕ್ಕ. 1973ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ 56,800 ಜನ ಸೇರಿ, ಬೀಟಲ್ಸ್‌ನ ಶೇ ಸ್ಟೇಡಿಯಂ ಕಾರ್ಯಕ್ರಮದ ಪ್ರೇಕ್ಷಕರ ದಾಖಲೆ ಮುರಿಯಿತು. 1975ರಲ್ಲಿ ಅದೇ ರೋಲಿಂಗ್ ಸ್ಟೋನ್ ಇವರನ್ನ ಮುಖಪುಟಕ್ಕೆ ಹಾಕಿತು. ಬರೆದವನು ಕ್ಯಾಮರಾನ್ ಕ್ರೋ, ಇನ್ನೂ ಹದಿಹರೆಯದ ಹುಡುಗ, ಇವರ ಅಭಿಮಾನಿ. ನಿಮ್ಮ ಮಗನ ವಯಸ್ಸೇ ಇರಬಹುದು, ಅಲ್ವಾ?

ಬ್ಯಾಂಡ್ ಈಗಿಲ್ಲ. 1980ರಲ್ಲಿ ಬಾನಮ್ ತೀರಿಕೊಂಡ, ಉಳಿದ ಮೂವರು ಅದೇ ವರ್ಷ ನಿಲ್ಲಿಸಿದರು. 2007ರಲ್ಲಿ ಲಂಡನ್‌ನಲ್ಲಿ ಒಂದು ರಾತ್ರಿ ಸೇರಿದಾಗ ಡ್ರಮ್ ಬಾರಿಸಿದವನು ಬಾನಮ್‌ನ ಮಗ ಜೇಸನ್. ಅದರ ವಿಡಿಯೊ ಸಿಗುತ್ತದೆ, ಮಗನ ಜೊತೆ ಕೂತು ನೋಡಿ.