ಹವಾಯಿ ಮತ್ತು ಶೊಶೋನಿ ಸಮುದಾಯಗಳ ಸಾಮಾಜಿಕ, ಆರ್ಥಿಕ ಸ್ಥಿತಿ ಹೇಗೆ ಭಿನ್ನ?

ಹವಾಯಿ ದ್ವೀಪಗಳ ಮೂಲನಿವಾಸಿಗಳು ಮತ್ತು ಅಮೆರಿಕದ ಪಶ್ಚಿಮ ಭಾಗದ ಮೂಲನಿವಾಸಿಗಳಾದ ಶೊಶೋನಿಗಳು, ಈ ಎರಡು ಸಮುದಾಯಗಳ ನಡುವಿನ ವ್ಯತ್ಯಾಸದ ಬೇರು ಬಹುಮಟ್ಟಿಗೆ ನೀರಿನಲ್ಲಿದೆ. ಹವಾಯಿ ದ್ವೀಪಗಳಲ್ಲಿ ಬೆಟ್ಟದಿಂದ ಇಳಿದ ತೊರೆಯ ನೀರು ಕಾಲುವೆಗಳ ಮೂಲಕ ಒಂದು ಕೆಸುವಿನ ಗದ್ದೆಯಿಂದ ಮತ್ತೊಂದಕ್ಕೆ ಹರಿದು ಕಡಲಿನತ್ತ ಸಾಗುತ್ತಿತ್ತು; ಅದರಿಂದ ಬಂದ ಮಿಗುತೆಯ ಬೆಳೆಯೇ ‘ಅಲಿಇ’ ಎಂಬ ಅರಸು ವರ್ಗವನ್ನೂ ಅದರ ಅಧಿಕಾರಿಗಳನ್ನೂ ಸಾಕುತ್ತಿತ್ತು. ಜನಸಾಮಾನ್ಯರು ದುಡಿದು ಕಾಣಿಕೆ ಸಲ್ಲಿಸಬೇಕಿತ್ತು.

ನೆವಾಡದ ಒಣನೆಲದ ಪಶ್ಚಿಮ ಶೊಶೋನಿಗಳಿಗೆ ಅಂಥ ಮಿಗುತೆ ದೊರೆಯುತ್ತಿರಲಿಲ್ಲ. ಶರತ್ಕಾಲದಲ್ಲಿ ಅವರು ಉದ್ದನೆಯ ಕೋಲಿನಿಂದ ಪಿನ್ಯನ್ ಪೈನ್ ಎಂಬ ಮರದ ಕಾಯಿಗಳನ್ನು ಉದುರಿಸಿ, ಬೀಜಗಳನ್ನು ಕೆಂಡದೊಡನೆ ಬುಟ್ಟಿಗೆ ಹಾಕಿ, ಬುಟ್ಟಿ ಸುಡದಂತೆ ಕೇರುತ್ತಾ ಹುರಿದು ಚಳಿಗಾಲಕ್ಕೆ ಕೂಡಿಡುತ್ತಿದ್ದರು. ಕೆಲವೇ ಕುಟುಂಬಗಳ ಗುಂಪುಗಳಲ್ಲಿ ಬದುಕುತ್ತಿದ್ದ ಅವರಲ್ಲಿ ಮೊಲದ ಬೇಟೆಗೊಬ್ಬ ಮುಂದಾಳು ಇರುತ್ತಿದ್ದನೇ ಹೊರತು ವಂಶಪಾರಂಪರ್ಯದ ಅರಸನಿರಲಿಲ್ಲ. ಇದನ್ನು ‘ಹಿಂದುಳಿದಿರುವಿಕೆ’ ಎನ್ನುವುದು ತಪ್ಪು. ಆ ನೆಲಕ್ಕೆ ಒಪ್ಪುವ ಜಾಣ ಬದುಕು ಅದು. (ಕುದುರೆ ಪಡೆದು ಕಾಡೆಮ್ಮೆ ಬೇಟೆಯಾಡಿದ ಪೂರ್ವ ಶೊಶೋನಿಗಳ ಸಂಘಟನೆ ಬೇರೆಯೇ ಆಗಿತ್ತು.)

ಇಂದಿನ ಸ್ಥಿತಿಯಲ್ಲಿ ಇಬ್ಬರನ್ನೂ ಬಾಧಿಸುವುದು ಭೂಮಿಯ ನಷ್ಟ. 1893ರಲ್ಲಿ ಹವಾಯಿಯ ರಾಣಿ ಲಿಲಿಉಓಕಲಾನಿಯವರ ಪದಚ್ಯುತಿಯಾದ ಮೇಲೆ, ಅಮೆರಿಕದ 1921ರ ಕಾಯ್ದೆಯು ಕನಿಷ್ಠ ಅರ್ಧದಷ್ಟು ಹವಾಯಿ ರಕ್ತಸಂಬಂಧ ಉಳ್ಳವರಿಗಾಗಿ ಸುಮಾರು 2 ಲಕ್ಷ ಎಕರೆ ಮೀಸಲಿಟ್ಟಿತು. ಆದರೆ ನಿವೇಶನಕ್ಕಾಗಿ ಸಾವಿರಾರು ಜನ ಇನ್ನೂ ಕಾಯುತ್ತಿದ್ದಾರೆ. ಶೊಶೋನಿಗಳಿಗೆ ಐಡಾಹೊದ ಫೋರ್ಟ್ ಹಾಲ್‌, ವಯೋಮಿಂಗ್‌ನ ವಿಂಡ್ ರಿವರ್‌ಗಳಂಥ ಮೀಸಲು ಪ್ರದೇಶಗಳೂ ಸ್ವಂತ ಬುಡಕಟ್ಟು ಸರ್ಕಾರಗಳೂ ಇವೆ. ಹವಾಯಿ ಜನರಿಗೆ ಈ ಬಗೆಯ ಸರ್ಕಾರವಿಲ್ಲ. ಸ್ವಂತ ಸರ್ಕಾರಗಳಿದ್ದರೂ ಶೊಶೋನಿಗಳಿಗೂ ಭೂಮಿಯ ಪ್ರಶ್ನೆ ತಪ್ಪಲಿಲ್ಲ: ನೆವಾಡದ ನೆಲಕ್ಕೆ ಪರಿಹಾರವೆಂದು 1979ರಲ್ಲಿ ಕೊಡಲು ಬಂದ 2.6 ಕೋಟಿ ಡಾಲರ್‌ಗಳನ್ನು, ತಾವು ಭೂಮಿಯನ್ನು ಮಾರಿಯೇ ಇಲ್ಲವೆಂದು ಪಶ್ಚಿಮ ಶೊಶೋನಿಗಳು ನಿರಾಕರಿಸಿದರು.