ನೆಸ್ಟೆಡ್ ವಿಎಂ ಓಡಲಿಲ್ಲ ಅಂತ ಲ್ಯಾಪ್‌ಟಾಪ್ ಮಾರಬೇಡಿ

ನಿಮ್ಮ ಪೋಸ್ಟ್ ನೋಡಿದೆ. ವಿಂಡೋಸ್ 11 ಹೋಮ್, 8ನೇ ತಲೆಮಾರಿನ ಐ5 ಪ್ರೊಸೆಸರ್, ವರ್ಚುವಲ್‌ಬಾಕ್ಸ್ (ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್, ಅಂದರೆ ವಿಎಂ, ಓಡಿಸುವ ತಂತ್ರಾಂಶ) ಒಳಗೆ ಉಬುಂಟು ಲಿನಕ್ಸ್, ಅದರೊಳಗೆ ಕೆವಿಎಂ (ಲಿನಕ್ಸ್‌ನದೇ ವಿಎಂ ಓಡಿಸುವ ವ್ಯವಸ್ಥೆ). ಹೀಗೆ ವಿಎಂ ಒಳಗೆ ವಿಎಂ ಇಡುವುದೇ ನೆಸ್ಟೆಡ್. ನೆಸ್ಟೆಡ್ ಆಯ್ಕೆ ಆನ್ ಮಾಡಿದರೂ ಉಬುಂಟುಗೆ ವಿಎಂಎಕ್ಸ್ (ಪ್ರೊಸೆಸರ್‌ನಲ್ಲಿ ವಿಎಂ ಸೌಲಭ್ಯ ಇದೆ ಅನ್ನುವ ಗುರುತು) ಕಾಣುತ್ತಿಲ್ಲ, ಹಾಗಾಗಿ ಇದನ್ನು ಮಾರಿ ಐ7 ತಗೊಳ್ಳುತ್ತೇನೆ ಅಂತ ಬರೆದಿದ್ದೀರಿ. ದಯವಿಟ್ಟು ಬೇಡ. ನಾನೂ ಹಾಗೇ ಹೊಸ ಮೆಷಿನ್ ತಂದವನು, ಅದರಲ್ಲೂ ಇದೇ ಕಥೆ ಆಯಿತು. ಮೇಲಿನ ಉತ್ತರಗಳಲ್ಲಿ ಇಬ್ಬರು "ಐ5ನಲ್ಲಿ ಇದೆಲ್ಲ ಆಗಲ್ಲ" ಅಂದಿದ್ದಾರೆ. ಗೊತ್ತಿಲ್ಲದೆ ಹೀಗೆ ಹೇಳಿ ಇನ್ನೊಬ್ಬರ ದುಡ್ಡು ಖರ್ಚು ಮಾಡಿಸಬೇಡಿ. ಈ ಐ5ನಲ್ಲಿ ವಿಎಂ ಓಡಿಸಲು ಬೇಕಾದ ಇಂಟೆಲ್ ಸೌಲಭ್ಯ ವಿಟಿ-ಎಕ್ಸ್ ಇದೆ, ವಿಎಂನ ಮೆಮೊರಿ ವಿಳಾಸ ನೋಡಿಕೊಳ್ಳುವ ಇಪಿಟಿ ಇದೆ. ಸಾಕು.

ಟಾಸ್ಕ್ ಮ್ಯಾನೇಜರ್‌ನಲ್ಲಿ 'ವರ್ಚುವಲೈಸೇಷನ್: ಎನೇಬಲ್ಡ್' ಅಂತ ಇರುವ ಸ್ಕ್ರೀನ್‌ಶಾಟ್ ಹಾಕಿದ್ದೀರಲ್ಲ, ಅದರಿಂದ ತಿಳಿಯುವುದು ಬಯಾಸ್‌ನಲ್ಲಿ ಆನ್ ಇದೆ ಅಂತ ಮಾತ್ರ. ಆ ವಿಟಿ-ಎಕ್ಸ್ ಈಗ ಯಾರ ಕೈಲಿದೆ ಅನ್ನೋದು ಬೇರೆ ಪ್ರಶ್ನೆ. ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಿನ ಪಟ್ಟಿ ನೋಡಿ. ಹಸಿರು ಆಮೆಯ ಚಿತ್ರ ಇದ್ದರೆ ಅದು ಹೈಪರ್-ವಿ (ವಿಂಡೋಸ್‌ನದೇ ವಿಎಂ ಓಡಿಸುವ ಪದರ) ಕೈಲಿದೆ. ವಿಎಂ ಲಾಗ್ ತೆರೆದರೆ ವಿಟಿ-ಎಕ್ಸ್ ಸಿಗಲಿಲ್ಲ, 'ಎನ್‌ಇಎಂ'ಗೆ (ಹೈಪರ್-ವಿ ಮೂಲಕ ಓಡುವ ವಿಧಾನಕ್ಕೆ) ಇಳಿಯುತ್ತಿದ್ದೇನೆ ಅನ್ನುವ ಸಾಲೂ ಸಿಗುತ್ತದೆ. "ನಾನು ಹೈಪರ್-ವಿ ಹಾಕೇ ಇಲ್ಲ" ಅನ್ನಬೇಡಿ. ಡಬ್ಲ್ಯೂಎಸ್ಎಲ್ 2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿದರೆ ಅದೂ ಬರುತ್ತದೆ. ಡಾಕರ್ ಡೆಸ್ಕ್‌ಟಾಪ್ (ಆ್ಯಪ್‌ಗಳನ್ನು ಪೊಟ್ಟಣದ ಹಾಗೆ ಓಡಿಸುವ ತಂತ್ರಾಂಶ) ಡಬ್ಲ್ಯೂಎಸ್ಎಲ್ 2 ಮೇಲೇ ಓಡುವುದು. ವಿಂಡೋಸ್ ಸೆಕ್ಯುರಿಟಿಯಲ್ಲಿ ಕೋರ್ ಐಸೋಲೇಷನ್‌ನ ಮೆಮೊರಿ ಇಂಟೆಗ್ರಿಟಿ ಅನ್ನುವ ರಕ್ಷಣೆ ಆನ್ ಇದ್ದರೂ ಬರುತ್ತದೆ.

ಇಂಟೆಲ್ ಆಗಲಿ ಎಎಂಡಿ ಆಗಲಿ, ಹಾರ್ಡ್‌ವೇರ್‌ಗೆ ಗೊತ್ತಿರುವುದು ಒಂದೇ ಹಂತದ ವಿಎಂ. ಎರಡನೇ ಹಂತ ಇದೆ ಅಂತ ತೋರಿಸುವುದು ತಳದ ಹೈಪರ್ವೈಸರ್ (ವಿಎಂಗಳನ್ನು ಓಡಿಸುವ ಪದರ) ಕೆಲಸ. ಒಳಗಿನ ಹೈಪರ್ವೈಸರ್ ಬರೆದ ವಿಎಂಸಿಎಸ್ (ವಿಎಂ ಹೇಗೆ ಓಡಬೇಕು ಅನ್ನುವ ಇಂಟೆಲ್‌ನ ದಾಖಲೆ) ಅನ್ನು ತನ್ನದರ ಜೊತೆ ಬೆರೆಸಿ ಮೂರನೆಯದೊಂದನ್ನು ಮಾಡಿ ಪ್ರೊಸೆಸರ್‌ಗೆ ಕೊಡುತ್ತದೆ. ಒಳಬಾಡಿಗೆ ಇದ್ದ ಹಾಗೆ, ಮಾಲೀಕ ಒಪ್ಪದೆ ನಡೆಯುವುದಿಲ್ಲ. ಹೊಸ ಪ್ರೊಸೆಸರ್‌ಗಳಲ್ಲಿ ಬಂದಿರುವುದು ಇದರ ವೇಗ ಹೆಚ್ಚಿಸುವ ಸೌಲಭ್ಯಗಳು. 2013ರ ಇಂಟೆಲ್ ಹ್ಯಾಸ್‌ವೆಲ್ ಪ್ರೊಸೆಸರ್‌ಗಳಲ್ಲಿ ಬಂದ ವಿಎಂಸಿಎಸ್ ಶ್ಯಾಡೋಯಿಂಗ್ ಅಂಥದ್ದು. ಒಳಗಿನವನು ವಿಎಂಸಿಎಸ್ ಓದಿ ಬರೆದಾಗಲೆಲ್ಲ ತಳಕ್ಕೆ ಹೋಗಿ ಬರುವುದು ಅದರಿಂದ ಕಡಿಮೆಯಾಯಿತು.

ನಿಮಗೆ ನನ್ನ ಸಲಹೆ, ವರ್ಚುವಲ್‌ಬಾಕ್ಸ್ ಬಿಡಿ. ಇಂಟೆಲ್‌ಗೆ ನೆಸ್ಟೆಡ್ ಅದಕ್ಕೆ ಬಂದದ್ದೇ 2019ರ ಕೊನೆಗೆ, 6.1 ಆವೃತ್ತಿಯಲ್ಲಿ. ಅದೂ 5ನೇ ತಲೆಮಾರಿನಿಂದ ಈಚಿನದಕ್ಕೆ. ಒಳಗೂ ವರ್ಚುವಲ್‌ಬಾಕ್ಸ್ ಇಟ್ಟು ಮಾತ್ರ ಪರೀಕ್ಷಿಸಿದ್ದೇವೆ ಅಂತ ಆಗ ಅವರೇ ಬರೆದಿದ್ದರು. ಹೈಪರ್-ವಿ ಹೇಗೂ ತಳದಲ್ಲಿ ಕೂತಿದೆ, ಅದರ ಜೊತೆ ಗುದ್ದಾಡುವ ಬದಲು ಅದನ್ನೇ ಬಳಸಿ. ವಿಂಡೋಸ್ 11ರಲ್ಲಿ ಡಬ್ಲ್ಯೂಎಸ್ಎಲ್ 2ಗೆ ನೆಸ್ಟೆಡ್ ತಾನಾಗೇ ಆನ್ ಇರುತ್ತದೆ, ಹೋಮ್‌ನಲ್ಲೂ. ಅಲ್ಲಿ ಉಬುಂಟು ಹಾಕಿ, ಡೆವ್ ಫೋಲ್ಡರ್‌ನಲ್ಲಿ ಕೆವಿಎಂ ಅನ್ನುವ ಫೈಲ್ (/dev/kvm) ಇದೆಯಾ ನೋಡಿ. ಇದ್ದರೆ ನಿಮ್ಮ ಯೂಸರ್ ಅನ್ನು ಕೆವಿಎಂ ಗುಂಪಿಗೆ ಸೇರಿಸಿ, ಕ್ಯೂಎಂಯು (ವಿಎಂ ಶುರು ಮಾಡುವ ತಂತ್ರಾಂಶ) ಓಡಿಸಿ. ಇಲ್ಲಿ ಒಂದು ಎಚ್ಚರ. ಆ ಫೈಲ್ ಇಲ್ಲದಿದ್ದರೂ ಟಿಸಿಜಿಯಲ್ಲಿ ಕ್ಯೂಎಂಯು ಓಡುತ್ತದೆ, ಅಂದರೆ ಬರೀ ಸಾಫ್ಟ್‌ವೇರ್ ಅನುಕರಣೆ. ವಿಎಂ ಬೂಟ್ ಆಯಿತು, ಆದರೆ ತೆವಳುತ್ತಿದೆ ಅಂತ ಪ್ರೊಸೆಸರ್‌ಗೆ ಬೈಯುವವರಲ್ಲಿ ಹಲವರು ಇದರಲ್ಲೇ ಸಿಕ್ಕಿಕೊಂಡಿರುತ್ತಾರೆ.

ವಿಂಡೋಸ್ ಪ್ರೊ ಇರುವವರು ಪೂರ್ತಿ ಹೈಪರ್-ವಿ ವಿಎಂ ಮಾಡಬಹುದು. ವಿಎಂ ಆಫ್ ಇರುವಾಗ ಪವರ್‌ಶೆಲ್‌ನಲ್ಲಿ 'ಎಕ್ಸ್‌ಪೋಸ್ ವರ್ಚುವಲೈಸೇಷನ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿ. ಡೈನಮಿಕ್ ಮೆಮೊರಿ ತೆಗೆದು ರ‍್ಯಾಮ್ ಬದಲಾಗದ ಒಂದೇ ಅಳತೆಯಲ್ಲಿ ಕೊಡಿ. ಒಳಗಿನ ವಿಎಂಗೆ ಬ್ರಿಡ್ಜ್ ನೆಟ್‌ವರ್ಕ್ (ಹೊರಗಿನ ನೆಟ್‌ವರ್ಕ್‌ಗೆ ನೇರ ಜೋಡಣೆ) ಬೇಕಿದ್ದರೆ ಮ್ಯಾಕ್ ಸ್ಪೂಫಿಂಗ್ (ಬೇರೆ ನೆಟ್‌ವರ್ಕ್ ಗುರುತಿನಿಂದ ಡೇಟಾ ಕಳಿಸುವ ಅನುಮತಿ) ಆನ್ ಮಾಡಲೇಬೇಕು. ಎಎಂಡಿಯವರಿಗೆ ಇದು ವಿಂಡೋಸ್ 11 ಅಥವಾ ಸರ್ವರ್ 2022ರಿಂದ ಮಾತ್ರ, 10ರಲ್ಲಿ ಹುಡುಕಬೇಡಿ.

ವರ್ಚುವಲ್‌ಬಾಕ್ಸೇ ಬೇಕು ಅಂದರೆ ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ, ವಿಂಡೋಸ್ ಬೂಟ್ ಸೆಟ್ಟಿಂಗ್ ಬದಲಿಸುವ ಬಿಸಿಡಿ ಎಡಿಟ್ ಕಮಾಂಡ್‌ನಲ್ಲಿ ಹೈಪರ್ವೈಸರ್ ಲಾಂಚ್ ಟೈಪ್ ಆಫ್ ಮಾಡಿ. ಅದಕ್ಕೂ ಮೊದಲು ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ರಿಕವರಿ ಕೀ ಬರೆದಿಟ್ಟುಕೊಳ್ಳಿ. ಆಮೇಲೆ ರೀಸ್ಟಾರ್ಟ್ ಮಾಡಿ, ಶಟ್‌ಡೌನ್ ಸಾಲದು, ಫಾಸ್ಟ್ ಸ್ಟಾರ್ಟ್‌ಅಪ್ ಇದ್ದರೆ ಹಳೆಯ ಸ್ಥಿತಿಯೇ ವಾಪಸ್ ಬರುತ್ತದೆ. ಡಬ್ಲ್ಯೂಎಸ್ಎಲ್ 2, ಡಾಕರ್ ಎರಡೂ ನಿಲ್ಲುತ್ತವೆ, ಸೆಕ್ಯುರಿಟಿಯೂ ಒಂದು ಮೆಟ್ಟಿಲು ಇಳಿಯುತ್ತದೆ. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಇದನ್ನು ಮುಟ್ಟಲೇಬೇಡಿ.

ಲ್ಯಾಬ್ ಕಲಿಯುವುದೇ ಮುಖ್ಯ ಅಂದರೆ ತಳದಲ್ಲಿ ಲಿನಕ್ಸ್ ಇರುವುದೇ ಒಳ್ಳೆಯದು. ಕರ್ನಲ್ 4.20ರಿಂದ ಇಂಟೆಲ್‌ಗೆ ನೆಸ್ಟೆಡ್ ಡೀಫಾಲ್ಟ್ ಆಗಿ ಆನ್. ವಿಎಂನ ಸಿಪಿಯು ಮಾದರಿಯನ್ನು 'ಹೋಸ್ಟ್ ಪಾಸ್‌ಥ್ರೂ' (ನಿಜವಾದ ಪ್ರೊಸೆಸರ್ ಅನ್ನೇ ವಿಎಂಗೆ ತೋರಿಸುವುದು) ಮಾಡಿದರೆ ಮುಗಿಯಿತು. ಪ್ರಾಕ್ಸ್‌ಮಾಕ್ಸ್‌ನಲ್ಲಿ (ವಿಎಂ ಓಡಿಸಲೆಂದೇ ಇರುವ ಲಿನಕ್ಸ್) ಅದು ಬರೀ 'ಹೋಸ್ಟ್', ಡೀಫಾಲ್ಟ್ ಮಾದರಿಯಲ್ಲಿ ವಿಎಂಎಕ್ಸ್ ಇರುವುದಿಲ್ಲ. ಎಎಂಡಿ ಮೆಷಿನ್‌ನಲ್ಲಿ ಒಳಗಿನ ವಿಎಂ ಒಮ್ಮೆ ಶುರುವಾದ ಮೇಲೆ ಹೊರಗಿನದನ್ನು ಶಟ್‌ಡೌನ್ ಮಾಡುವ ತನಕ ಸೇವ್ ಮಾಡುವುದು, ಮೈಗ್ರೇಟ್ ಮಾಡುವುದು (ಬೇರೆ ಮೆಷಿನ್‌ಗೆ ಸಾಗಿಸುವುದು) ಬೇಡ.

ಐ7ಗೆ ಎತ್ತಿಟ್ಟ ದುಡ್ಡಲ್ಲಿ ರ‍್ಯಾಮ್ 16 ಜಿಬಿ ಮಾಡಿ, ಹಾರ್ಡ್‌ಡಿಸ್ಕ್ ಇದ್ದರೆ ತೆಗೆದು ಎಸ್ಎಸ್‌ಡಿ ಹಾಕಿ. ಇನ್ನೊಂದು, ಮುಂದೆ ಲಿನಕ್ಸ್ ತಳಕ್ಕೆ ಹೋದಾಗ ಹೊರಗಿನ ಲಿಬ್‌ವರ್ಟ್ (ವಿಎಂಗಳನ್ನು ನಿರ್ವಹಿಸುವ ತಂತ್ರಾಂಶ), ಒಳಗಿನ ಲಿಬ್‌ವರ್ಟ್ ಎರಡೂ 192.168.122 ಅನ್ನುವ ನೆಟ್‌ವರ್ಕ್ ವಿಳಾಸವನ್ನೇ ಹಿಡಿಯುತ್ತವೆ. ಒಳಗಿನದನ್ನು ಮೊದಲೇ 192.168.123 ಮಾಡಿಡಿ, ಇಲ್ಲದಿದ್ದರೆ ಅಲ್ಲಿ ಡೀಫಾಲ್ಟ್ ನೆಟ್‌ವರ್ಕ್ ಏಳುವುದಿಲ್ಲ.